ಅರ್ಜಿದಾರರ ಹೆಸರು

ನಮ್ಮ ಮಗಳು ಅದಿತಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟೇನೋ ಸಿಕ್ಕಿತು, ಆದರೆ ಕ್ಯಾಂಪಸ್ಸು ನಾವಿರುವ ಕೌಲಾಲಂಪುರದಿಂದ ಐದು ಗಂಟೆ ದೂರ. ಅದೇ ವಿಶ್ವವಿದ್ಯಾಲಯದ ಇನ್ನೊಂದು ಕ್ಯಾಂಪಸ್ ನಮ್ಮ ಮನೆಯ ಹತ್ತಿರವೇ ಇದೆ. ಅವಳಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ವರ್ಗಾವಣೆ ಮಾಡಿಸಿಯೇ ಬಿಡೋಣ ಅಂತ ನಾನೇ ಫಾರ್ಮ್ ತುಂಬಿಕೊಂಡು ಹೊರಟೆ. ಹಾಸ್ಟೆಲಿನಿಂದ ಅವಳನ್ನು ಎಳೆದುಕೊಂಡು ಆಫೀಸಿಗೆ ಹೋದೆ.

ಕೌಂಟರಿನಲ್ಲಿದ್ದ ಮಲಯ್ ಹೆಂಗಸು ಫಾರ್ಮ್ ಓದಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೊದಲ ಸೆಮಿಸ್ಟರ್ ಪಾಸಾಗದೆ ನಿಮಗೆ ವರ್ಗಾವಣೆ ಕೊಡೋಕೆ ಆಗಲ್ಲ ಸರ್," ಅಂದರು.

"ನನಗಾ?"

ಅವರು ಫಾರ್ಮನ್ನು ನನ್ನ ಕಡೆ ತಿರುಗಿಸಿದರು. ಅರ್ಜಿದಾರರ ಹೆಸರಿನ ಜಾಗದಲ್ಲಿ ಆತುರಕ್ಕೆ ನನ್ನ ಹೆಸರನ್ನೇ ಬರೆದಿದ್ದೆ. ವಯಸ್ಸು ಐವತ್ತೊಂದು. ಕಾರಣ, ಹಾಸ್ಟೆಲ್ ಊಟ ಸೇರುತ್ತಿಲ್ಲ.

"ಊಟ ಸೇರಲ್ವಾ?" ಅಂತ ಅವರು ಮಗಳನ್ನು ಕೇಳಿದರು.

"ಸೂಪರ್ ಲಾ!" ಅಂದಳು ಅದಿತಿ, ಮಾತಿಗೆ 'ಲಾ' ಸೇರಿಸುವ ಅಲ್ಲಿಯವರ ಧಾಟಿಯಲ್ಲೇ. ಆಮೇಲೆ ನನ್ನ ತೋಳು ಹಿಡಿದು ಮೆಲ್ಲಗೆ, "ಅಪ್ಪಾ, ಐ ಲೈಕ್ ಇಟ್ ಹಿಯರ್. ಪ್ಲೀಸ್," ಅಂದಳು.

ನಿನಗೇನು ಬೇಕು ಅಂತ ನಾನು ಅವಳನ್ನು ಕೇಳಿಯೇ ಇರಲಿಲ್ಲ. ಫಾರ್ಮನ್ನು ಮಡಿಚಿ ಜೇಬಿಗಿಟ್ಟೆ.

ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದೆ. "ಅವಳು ಬರಲ್ವಂತೆ ಕಣೇ. ನೀನು ಧೈರ್ಯ ತಂದುಕೋ," ಅಂದೆ.

"ಖಂಡಿತಾ ಬರಲ್ವಾ? ಹಾಗಾದ್ರೆ ಅವಳ ರೂಮಲ್ಲಿ ನನ್ನ ಹೊಲಿಗೆ ಮಷೀನ್ ಹಾಕ್ತೀನಿ ರೀ. ಮಂಚ ಸರಿಸ್ಬೇಕು, ಬೇಗ ಬನ್ನಿ!"

ಧೈರ್ಯ ಬೇಕಾಗಿದ್ದದ್ದು ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಅಂತ ಕಾಣುತ್ತೆ.