ನಾವು ಸಾಣೆ ಹಿಡಿಯದ ಕತ್ತಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನಾನು ವೆಲ್ಡಿಂಗ್ ಕೆಲಸದವನು, ಕಿಡಿ ಮುಖಕ್ಕೆ ಹಾರಿದರೂ ಜಗ್ಗದ ಆಸಾಮಿ. ಕಥೆ ಕಟ್ಟುವ ಪುರುಸೊತ್ತು ನನಗಿಲ್ಲ. ಆದರೆ ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು ಕೇಳಿದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ...

ಬಳ್ಳಾರಿಯಲ್ಲಿ ಗಣಿ ಜೋರಾಗಿದ್ದ ಕಾಲ. ಹಗಲಿರುಳೂ ಅದಿರಿನ ಲಾರಿ, ಮೂಗು ಹಿಂಡಿದರೆ ಕೆಂಪು ಧೂಳು. ನಾನೂ ಈರಣ್ಣನೂ ಪಾಲಿನಲ್ಲಿ ಅಂಗಡಿ ಇಟ್ಟು ಟಿಪ್ಪರ್ ಬಾಡಿ ರಿಪೇರಿ ಮಾಡುತ್ತಿದ್ದೆವು. ಅವನ ಹೆಂಡತಿ ಮಕ್ಕಳು ತೆಕ್ಕಲಕೋಟೆಯಲ್ಲಿದ್ದರು, ಹಾಗಾಗಿ ಅವನು ಅಂಗಡಿಯಲ್ಲೇ ಮಲಗುತ್ತಿದ್ದ. ಮಧ್ಯಾಹ್ನ ನನ್ನ ಮನೆಯ ಡಬ್ಬಿಯಲ್ಲಿ ಇಬ್ಬರೂ ಉಣ್ಣುತ್ತಿದ್ದೆವು.

ಒಂದು ದಿನ ಪಾರ್ವತಿನಗರದ ಒಬ್ಬ ಹುಡುಗ ಹೊಸ ಕಾರಿನಲ್ಲಿ ಬಂದಿಳಿದ. ಅಪ್ಪನಿಗೆ ಲಾರಿಗಳಿದ್ದವು, ಮಗನಿಗೆ ವಿಡಿಯೋ ಗೇಮ್ ಅಂಗಡಿ ತೆರೆಯುವ ಹುಚ್ಚು. ಲ್ಯಾಪ್‌ಟಾಪ್ ತೆರೆದು ಒಂದು ದೆವ್ವದ ಆಟ ತೋರಿಸಿದ. ಮಂಜು ಕವಿದ ಊರು. ಮುಖವೇ ಇಲ್ಲದ ಒಂದು ಆಕಾರ. ಅದರ ಕೈಯಲ್ಲಿ ಅದಕ್ಕಿಂತ ಉದ್ದದ ಕತ್ತಿ. ಎತ್ತುವುದಿಲ್ಲ, ನೆಲದ ಮೇಲೆ ಎಳೆದುಕೊಂಡು ಬರುತ್ತದೆ... ಕರ್‍ರ್‍ರ್...

"ಇದು ಯಾರ ಬೆನ್ನು ಹತ್ತತೈತಪ್ಪಾ?" ಅಂತ ಈರಣ್ಣ ಕೇಳಿದ.

"ಯಾರ ಮನಸಿನಾಗ ಸಂಶಯದ ಹುಳ ಹೊಕ್ಕಿರತೈತೋ ಅವರದು, ಅಣ್ಣಾ. ಇಂಥಾದ್ದೊಂದು ಕತ್ತಿ ಮಾಡಿಕೊಡ್ರಿ, ಅಂಗಡಿ ಮುಂದ ನಿಲ್ಲಸ್ತೀನಿ."

ಹಳೇ ಟಿಪ್ಪರ್‌ನ ತಳದ ತಗಡು ಕತ್ತರಿಸಿ ಮಾಡಿದೆವು. ಪಕ್ಕದ ಅಂಗಡಿಯವರನ್ನೂ ಕರೆದು, ಏದುಸಿರು ಬಿಡುತ್ತ ಗೋಡೆಗೆ ಒರಗಿಸಿ ಸರಪಳಿ ಬಿಗಿದೆವು. ಶೋಕಿಯ ಕತ್ತಿ, ಮಕ್ಕಳು ಮುಟ್ಟುತ್ತಾರೆ ಅಂತ ಸಾಣೆ ಮಾತ್ರ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಅದರ ತುದಿ ಸವರಿ ನೋಡಿದೆ. ಬೆರಳು ಕುಯ್ದು ರಕ್ತ ಬಂತು.

"ಸಾಣಿ ಯಾಕ ಹಿಡಿದ್ಯೋ ಈರಣ್ಣ?"

"ನಾ ಎಲ್ಲಿ ಹಿಡಿದೆ? ನೀನಽ ಹಿಡಿದಿರಬೇಕು."

ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ. ಸಿರುಗುಪ್ಪದಲ್ಲಿ ಸ್ವಂತ ಅಂಗಡಿ ಹಾಕುವ ಮಾತು ಅವನು ಯಾರ ಹತ್ತಿರವೋ ಆಡಿದ್ದು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ನನ್ನನ್ನು ಹೆದರಿಸಿ ಪಾಲು ಮುರಿಯೋ ಆಟ ಇದು ಅಂದುಕೊಂಡೆ. ಸಂಜೆ ಸಾಣೆ ಹಿಡಿಯುವ ಗ್ರೈಂಡರನ್ನೇ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದೆ. ಈಗ ಹಿಡಿ ನೋಡೋಣ ಸಾಣೆ!

ಬೆಳಿಗ್ಗೆ ಹರಿತ ಇನ್ನೂ ಒಂದು ಮೊಳ ಮೇಲಕ್ಕೆ ಏರಿತ್ತು.

ನಮ್ಮ ಅಂಗಡಿಯ ನೆಲಕ್ಕೆ ಕುರುಗೋಡಿನ ಬಂಡೆ ಹಾಸಿತ್ತು. ಅದರ ಮೇಲೆ ಬೆಳ್ಳಗೆ ಒಂದು ಗೀರು. ಗೋಡೆಯಿಂದ ಹೊರಟು ಈರಣ್ಣನ ಮಂಚದ ತಲೆದೆಸೆಯವರೆಗೆ ಹೋಗಿ, ಮತ್ತೆ ಗೋಡೆಗೆ ಬಂದಿತ್ತು. ಸರಪಳಿ ಮಾತ್ರ ಬಿಗಿದದ್ದು ಬಿಗಿದ ಹಾಗೇ ಇತ್ತು.

"ಇವತ್ತು ನಾನೂ ಇಲ್ಲೇ ಮಲಗ್ತೀನಿ," ಅಂದೆ.

"ಮಲಗು. ನನಗೂ ನೋಡೋದೈತಿ," ಅಂದ ಈರಣ್ಣ.

ಎರಡು ಮಂಚ, ನಡುವೆ ಒಬ್ಬರು ಓಡಾಡುವಷ್ಟು ಜಾಗ. ಕರೆಂಟ್ ಹೋಯಿತು. ನಾನು ಕಣ್ಣು ಮುಚ್ಚಿ, ಗೊರಕೆ ಹೊಡೆಯುವ ನಾಟಕ ಮಾಡುತ್ತ ಕಾದೆ. ಅವನ ಗೊರಕೆಯೂ ಕೇಳುತ್ತಿತ್ತು.

ಯಾವಾಗಲೋ ಹೊರಗೆ ಲಾರಿಗಳ ಸದ್ದು ನಿಂತಿತು. ಆ ರಸ್ತೆಯಲ್ಲಿ ಲಾರಿ ನಿಲ್ಲುವುದು ಅಂದರೇನು! ಉಜ್ಜಿದ ಕಬ್ಬಿಣದ ಘಾಟು ವಾಸನೆ ಮೂಗಿಗೆ ಬಡಿಯಿತು. ಆಮೇಲೆ...

ಕರ್‍ರ್‍ರ್... ಕರ್‍ರ್‍ರ್...

ಸಿಕ್ಕಿಬಿದ್ದ ಕಳ್ಳ ಅಂತ ಟಾರ್ಚ್ ಒತ್ತಿ ಅವನ ಮಂಚಕ್ಕೆ ಬಿಟ್ಟೆ. ಈರಣ್ಣ ಎದ್ದು ಕೂತಿದ್ದ. ಅವನ ಕೈಯಲ್ಲೂ ಟಾರ್ಚ್. ಅದರ ಬೆಳಕು ನನ್ನ ಮುಖದ ಮೇಲೆ.

"ಸಾಕು ಬಿಡಲೇ ಖಾಸಿಂ," ಅಂದ. "ಪಾಲು ಬ್ಯಾಡಂದ್ರ ಬಾಯಿಬಿಟ್ಟು ಹೇಳು. ಹಿಂಗ ಹೆದರಿಸಬ್ಯಾಡ."

ಆದರೆ ಸದ್ದು ನಿಂತಿರಲಿಲ್ಲ. ನಮ್ಮಿಬ್ಬರ ನಡುವಿನ ಜಾಗದಲ್ಲೇ ನಿಧಾನವಾಗಿ ಬರುತ್ತಿತ್ತು... ಟಾರ್ಚನ್ನು ಕೆಳಗೆ ಬಿಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವನ ಮುಖ ನಾನು, ನನ್ನ ಮುಖ ಅವನು ನೋಡುತ್ತಾ ಬೆಳಗು ಮಾಡಿದೆವು.

ಬೆಳಿಗ್ಗೆ ಕತ್ತಿ ಗೋಡೆಗೇ ಒರಗಿತ್ತು, ಮುಕ್ಕಾಲು ಭಾಗ ಹರಿತ. ನೆಲದ ಕೆಂಪು ಧೂಳಿನಲ್ಲಿ ಹೊಸ ಗೀರು ಮಂಚಗಳ ನಡುವೆ ಹಾದಿತ್ತು. ಪಕ್ಕದಲ್ಲಿ ಒಂದೇ ಒಂದು ಹೆಜ್ಜೆ ಗುರುತಿಲ್ಲ.

ಅಷ್ಟಾದರೂ ನನ್ನ ಅನುಮಾನ ಹೋಗಲಿಲ್ಲ. ಏನೋ ಕೈಚಳಕ ಮಾಡಿದ್ದಾನೆ ಅಂತಲೇ ಒಳಗೊಳಗೆ ಕುದಿಯುತ್ತಿದ್ದೆ. ಅವನೂ ನನ್ನ ಡಬ್ಬಿಗೆ ಕೈ ಹಾಕುವುದನ್ನು ಬಿಟ್ಟ. ಗೇಮ್ ಹುಡುಗ ಕತ್ತಿ ಒಯ್ಯಲು ಬರಲೇ ಇಲ್ಲ. ಕೊನೆಗೆ ಪಾಲು ಮುರಿದೆವು. ಸಾಮಾನೆಲ್ಲ ಅರ್ಧ ಅರ್ಧ. ಗ್ಯಾಸ್ ಕಟರ್ ಹಿಡಿದು ಆ ಕತ್ತಿಯನ್ನೂ ಎರಡು ಭಾಗ ಮಾಡಿದೆವು. ಹಿಡಿಯ ಭಾಗವನ್ನು ನಾನು ಅವತ್ತೇ ಗುಜರಿಗೆ ಹಾಕಿದೆ. ತುದಿಯ ಭಾಗ ಈರಣ್ಣ ಸಿರುಗುಪ್ಪಕ್ಕೆ ಒಯ್ದ. ಗಟ್ಟಿ ಕಬ್ಬಿಣ, ಕೆಲಸಕ್ಕೆ ಬರತೈತಿ ಅಂದ.

ಆಮೇಲೆ ಎಷ್ಟೋ ಕಾಲ ಮಾತಿಲ್ಲ. ಮೊನ್ನೆ ರಾತ್ರಿ ಅವನ ಫೋನ್.

"ಖಾಸಿಂ... ಅಲ್ಲಾನ ಮ್ಯಾಲೆ ಆಣಿ ಮಾಡಿ ಹೇಳು. ಅವತ್ತು ಎಳದಿದ್ದು ನೀನಽ ಹೌದಲ್ಲೋ?"

ಪಾಪ, ವಯಸ್ಸಾಗಿದೆ, ಇನ್ನಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ ಅನಿಸಿತು. ಆಣೆ ಮಾತ್ರ ಮಾಡದೆ ಸುಳ್ಳು ಹೇಳಿದೆ.

"ಹೌದು ಈರಣ್ಣ, ನಾನಽ. ತಪ್ಪಾತು, ಮನಸಿನಾಗ ಇಟ್ಕಬ್ಯಾಡ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಮೆಲ್ಲಗೆ ಅಂದ:

"ಹಂಗಾದ್ರ ನೀ ಈಗ ಎಲ್ಲಿ ಅದೀ ಖಾಸಿಂ? ನನ್ನ ಅಂಗಡಿ ಒಳಗ ಏನರ ಅದೀಯೇನು?"

ನಾನು ಬಳ್ಳಾರಿಯಲ್ಲಿ, ನನ್ನ ಮನೆಯಲ್ಲಿದ್ದೆ. ಅದನ್ನು ಅವನಿಗೆ ಹೇಳಲು ನನ್ನಿಂದ ಆಗಲಿಲ್ಲ.