ಸ್ಕೌಟು ಬಂದ ಶುಕ್ರವಾರ

ಈ ಬರಹಕ್ಕೆ ಕಾರಣ ಒಂದು ನಾತ. ಕ್ಷಮಿಸಿ, ಇಂಥದ್ದನ್ನು ಬರೆಯುವವರು ಸಾಮಾನ್ಯವಾಗಿ ಕಾಫಿಯ ಪರಿಮಳದಿಂದಲೋ ಮಲ್ಲಿಗೆಯ ಕಂಪಿನಿಂದಲೋ ಶುರುಮಾಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ಮೊನ್ನೆ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯಲು ಹೋದಾಗ ಪಕ್ಕದ ಬಾಲ್ಕನಿಯಿಂದ ಘಮ್ಮೆಂದು ಬಂತು. ಯಾರೋ ಒಣಮೀನು ಹರಡಿದ್ದಾರೆ ಎಂದುಕೊಂಡು ಆಸೆಯಿಂದಲೇ ಬಗ್ಗಿ ನೋಡಿದೆ. ಮೀನಲ್ಲ, ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ್ದ ಒಂದು ಜೊತೆ ಗ್ಲೌಸು. ಫುಟ್‌ಬಾಲಿನ ಗೋಲ್‌ಕೀಪರುಗಳು ಹಾಕುತ್ತಾರಲ್ಲ, ಅಂಗೈಗೆ ದಪ್ಪ ರಬ್ಬರು ಮೆತ್ತಿದ್ದು, ಅದು. ಬೆವರು ಕುಡಿದ ಆ ರಬ್ಬರಿನ ನಾತವನ್ನು ಒಮ್ಮೆ ಅನುಭವಿಸಿದವರು ಜನ್ಮದಲ್ಲಿ ಮರೆಯುವುದಿಲ್ಲ. ನಾನಂತೂ ಅದರ ಜೊತೆ ಕೆಲವು ವರ್ಷ ಸಂಸಾರವನ್ನೇ ಮಾಡಿದವನು.

ಅದು ನನಗೆ ಮದುವೆಯಾಗುವ ಮೊದಲಿನ ಮಾತು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಲಾರೆನ್ಸಣ್ಣನ ಫ್ಲ್ಯಾಟಿನ ಒಂದು ಕೋಣೆ ಹಿಡಿದುಕೊಂಡಿದ್ದೆ. ವಿಳಾಸ ಕೇಳಿದ ನನ್ನ ಅಮ್ಮ ಬಂಟ್ವಾಳದಿಂದ ಫೋನಿನಲ್ಲಿ, "ಸಂಬಳ ಕಮ್ಮಿಯಾದ್ರೂ ಅಡ್ಡಿ ಇಲ್ಲ ಮಗಾ, ಕ್ಲಬ್ಬಲ್ಲೆಲ್ಲ ಇರ್ಬೇಡ" ಎಂದು ಅತ್ತುಬಿಟ್ಟಿದ್ದರು. ಕ್ಲಬ್ಬಿನ ಸುಖ ಕೇಳಬೇಡಿ. ಬೆಳಿಗ್ಗೆ ಬಾತ್‌ರೂಮಿಗೆ ಕ್ಯೂ, ಸಂಜೆ ಬಾಲ್ಕನಿಯಲ್ಲಿ ಗ್ಲೌಸು.

ಲಾರೆನ್ಸಣ್ಣ ಶಿರ್ವ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಬೆಳಕಾಗುವ ಮೊದಲೇ ಕಂಪನಿ ಬಸ್ಸು ಹತ್ತಿ, ಕತ್ತಲಾದ ಮೇಲೆ ಇಳಿಯುವವರು. ಅವರ ಹೆಂಡತಿ ಜೆಸಿಂತಕ್ಕ ಆಸ್ಪತ್ರೆಯಲ್ಲಿ ನರ್ಸು. ಒಬ್ಬಳೇ ಮಗಳು ರೀನಾ ಪ್ಲಸ್ ಟೂ ಓದುತ್ತಿದ್ದಳು. ಅಪ್ಪ ಅಮ್ಮ ಕೊಂಕಣಿಯಲ್ಲಿ ಕೇಳಿದರೂ, ನಾನು ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮೊರದಂಥ ಕೈ. ಶಾಲೆಯ ಟೀಮಿನಲ್ಲಿ ಅವಳು ಗೋಲ್‌ಕೀಪರ್. ಮಗಳನ್ನು ಬಿಸಿಲಿಗೆ ಹೇಗೆ ಬಿಟ್ಟಿರಿ ಎಂದು ಜೆಸಿಂತಕ್ಕನನ್ನು ಒಮ್ಮೆ ಕೇಳಿದ್ದೆ. "ಉಳಿದವ್ರೆಲ್ಲ ಓಡ್ಬೇಕು ಮಾರಾಯ. ಇವಳಿಗೆ ನಿಲ್ಲುದು ಮಾತ್ರ ಅಲ್ವಾ, ಅದಕ್ಕೆ ಆಗ್ಲಿ ಅಂದೆ" ಎಂದರು. ನನ್ನ ಫುಟ್‌ಬಾಲ್ ಜ್ಞಾನವೂ ಇದಕ್ಕಿಂತ ಹೆಚ್ಚೇನಿರಲಿಲ್ಲ. ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ಗೊತ್ತಿಲ್ಲ. ಎಲ್ಲರೂ ಕೂಗಿದಾಗ ನಾನೂ ಕೂಗುತ್ತೇನೆ.

ಹೀಗೆ ನಿಂತೇ ಆಡುತ್ತಿದ್ದ ಹುಡುಗಿಗೆ ಎರಡು ಕಡೆಯಿಂದ ಒಟ್ಟಿಗೇ ಕರೆ ಬಂತು. ಒಂದು, ದುಬೈಯ ಹೆಂಗಸರ ಕ್ಲಬ್ಬಿನದು. ಅಲ್ಲಿನ ಮ್ಯಾನೇಜರ್ ಹುದಾ ಮೇಡಂ ಖರ್ಜೂರದ ಡಬ್ಬಿ ಹಿಡಿದುಕೊಂಡು ಮನೆಗೇ ಬಂದು, ತಿಂಗಳ ಸಂಬಳ, ಓಡಾಡಲು ಗಾಡಿ, ಸಹಿ ಒಂದು ಹಾಕಿದರೆ ಸಾಕು, ಯಲ್ಲಾ, ನಡೀರಿ ಎಂದಿದ್ದರು. ಇನ್ನೊಂದು ಅಮೇರಿಕದ ಒಂದು ಕಾಲೇಜಿನದು. ಶಾಲೆಯ ಕೋಚು ಕಳಿಸಿದ ವಿಡಿಯೋ ನೋಡಿ ಮೆಚ್ಚಿ, ನಮ್ಮ ಟೀಮಿಗೆ ಆಡುವುದಾದರೆ ಫೀಸು, ಹಾಸ್ಟೆಲ್ ಎಲ್ಲ ನಮ್ಮದು ಎಂದು ಬರೆದಿದ್ದರು. ತೊಡಕು ಇದ್ದದ್ದು ಇಲ್ಲಿ: ಕ್ಲಬ್ಬಿನ ಸಂಬಳ ಒಮ್ಮೆ ಮುಟ್ಟಿದರೆ ಅವಳು ಪ್ರೊಫೆಶನಲ್ ಆದ ಹಾಗೆ, ಮತ್ತೆ ಕಾಲೇಜಿನ ಟೀಮಿಗೆ ಸೇರಿಸಿಕೊಳ್ಳುವುದಿಲ್ಲ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗಬೇಕು. ಊರಿನ ಯಕ್ಷಗಾನ ಸಂಘದಲ್ಲಿ ಬ್ಯಾಂಕಿನವರು, ಮೇಷ್ಟ್ರುಗಳು ಶೋಕಿಗೆ ವೇಷ ಕಟ್ಟುವುದು ಬೇರೆ, ಸಂಬಳಕ್ಕೆ ಮೇಳ ಸೇರುವುದು ಬೇರೆ. ಮೇಳಕ್ಕೆ ಸೇರಿದವನು ಜ್ವರ ಬಂದರೂ ಕುಣಿಯಬೇಕು. ದುಬೈಯ ನಮ್ಮ ಸಂಘದಲ್ಲಿ ನಾನೂ ವರ್ಷಕ್ಕೊಮ್ಮೆ ರಾಕ್ಷಸ ಬಲದಲ್ಲಿ ಕೊನೆಯವನಾಗಿ ಕುಣಿಯುತ್ತಿದ್ದೆ. ಯಾವ ಮೇಳವೂ ನನ್ನನ್ನು ಕರೆಯಲಿಲ್ಲ. ಆದ್ದರಿಂದ ಈ ಸಂಕಟ ನನಗೆ ಕೇಳಿ ಗೊತ್ತೇ ಹೊರತು ಪಟ್ಟು ಗೊತ್ತಿಲ್ಲ.

ಮನೆ ಎರಡು ಹೋಳಾಯಿತು. ಲಾರೆನ್ಸಣ್ಣನಿಗೆ ಕಾಲೇಜು ಬೇಕು. "ಡಿಗ್ರಿ ಇಲ್ಲದೆ ನಾನು ಎಲ್ಲಿದ್ದೇನೆ ನೋಡು. ಮೊಣಕಾಲು ಹೋದ್ರೆ ಕ್ಲಬ್ಬಿನವ್ರು ಖಲಾಸ್ ಅಂತಾರೆ" ಎನ್ನುತ್ತಿದ್ದರು. ಜೆಸಿಂತಕ್ಕನಿಗೆ ದುಬೈ ಬೇಕು. "ದುಬೈ ಆದ್ರೆ ರಜೆಯಲ್ಲಿ ಮನೆಗೆ ಬರ್ತಾಳೆ. ಅಮೇರಿಕದಲ್ಲಿ ಇವಳಿಗೆ ಬಂಗುಡೆ ಮೀನಿನ ಪುಳಿಮುಂಚಿ ಯಾರು ಮಾಡಿ ಹಾಕ್ತಾರೆ?" ನಾನು ಯಾರ ಪಕ್ಷ ಎಂದು ಕೇಳುತ್ತೀರಾ? ರಾತ್ರಿ ಲಾರೆನ್ಸಣ್ಣನ ಜೊತೆ ವಾಕಿಂಗ್ ಹೋದಾಗ ಅಮೇರಿಕದ ಪಕ್ಷ, ಊಟಕ್ಕೆ ಕೂತಾಗ ದುಬೈ ಪಕ್ಷ. ರೀನಾಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವಳ ವಿಷಯ ಮಾತಾಡುವಾಗ ಅವಳನ್ನು ಕೇಳಬೇಕೆಂದು ನಮಗೆ ಹೊಳೆಯಲೂ ಇಲ್ಲ.

ಆ ಹೊತ್ತಿಗೆ ಕಾಲೇಜಿನಿಂದ ಇನ್ನೊಂದು ಮೇಲ್ ಬಂತು. ನಮ್ಮ ಸ್ಕೌಟ್ ಆ ಕಡೆ ಬರುತ್ತಿದ್ದಾರೆ, ಶುಕ್ರವಾರ ನಿಮ್ಮ ಮನೆಗೆ ಬಂದು ಎಲ್ಲರನ್ನೂ ಕಾಣಲು ಬಯಸುತ್ತಾರೆ ಎಂದಿತ್ತು.

ಓದಿದ ಲಾರೆನ್ಸಣ್ಣ ಸೋಫಾದಿಂದ ಎದ್ದೇ ನಿಂತರು. "ಸ್ಕೌಟ್ ಬರ್ತಾರಂತೆ ಮಾರಾಯ, ಸ್ಕೌಟ್! ನಾನು ಹೈಸ್ಕೂಲಲ್ಲಿ ಸ್ಕೌಟ್ ಗೊತ್ತುಂಟಾ?" ಖಾಕಿ ಚಡ್ಡಿ, ಕೊರಳಿಗೆ ಸ್ಕಾರ್ಫು, ಸೀಟಿ, ಕಾರ್ಕಳದ ಕ್ಯಾಂಪಿನಲ್ಲಿ ಹಸಿ ಸೌದೆಯಿಂದ ಬೆಂಕಿ ಹೊತ್ತಿಸಿ ಬ್ಯಾಡ್ಜು ಗೆದ್ದದ್ದು, ಎಲ್ಲ ಹೊರಬಂತು. "ಆಟ ಯಾರೂ ಆಡ್ತಾರೆ. ಅಮೇರಿಕದವ್ರು ನೋಡುದು ಶಿಸ್ತು. ಅದಕ್ಕೇ ಸ್ಕೌಟನ್ನೇ ಕಳಿಸ್ತಾರೆ ನೋಡು, ಎಂಥಾ ತಲೆ!" ನನಗೂ ಅದು ಸರಿಯಾಗಿಯೇ ಕಂಡಿತು. ಅಂಥಾ ಕಾಲೇಜು ಮನೆತನ ನೋಡದೆ ಸೇರಿಸಿಕೊಳ್ಳುತ್ತದೆಯೇ?

ಅಂದಿನಿಂದ ಮನೆಯಲ್ಲಿ ಶಿಬಿರ ಶುರುವಾಯಿತು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಮಗಳಿಗೆ ಗಂಟು ಹಾಕಲು ಕಲಿಸಿದರು. ಕುರ್ಚಿಯ ಕಾಲಿಗೊಂದು ಗಂಟು, ಫ್ರಿಜ್ಜಿನ ಹಿಡಿಗೊಂದು ಗಂಟು. "ಪಪ್ಪಾ, ವೈ?" ಎಂದು ರೀನಾ ಒಮ್ಮೆ ಕೇಳಿದಳು. "ವೈ ಗೀ ಎಲ್ಲ ಬೇಡ, ಬಿಗಿ ಹಾಕು" ಎಂದರು. ಅವಳು ಬಿಗಿ ಹಾಕಿದಳು. ಗೋಲ್‌ಕೀಪರಿನ ಬೆರಳಿಗೆ ಇದೇನೋ ಹೊಸ ವ್ಯಾಯಾಮ ಇರಬೇಕೆಂದು ಅವಳು ತಿಳಿದಿದ್ದಳಂತೆ.

ಶುಕ್ರವಾರ ಅಲ್ಲಿ ವಾರದ ರಜೆ, ಪ್ರಾರ್ಥನೆಯೂ ಅಂದೇ. ಇಗರ್ಜಿಯಿಂದ ಬಂದವರೇ ಜೆಸಿಂತಕ್ಕ ಅಡಿಗೆಗೆ ನಿಂತರು. ಅಲ್ ಮೀನಾದ ಮಾರ್ಕೆಟ್ಟಿನಿಂದ ತಂದ ಮೀನು, ಜೊತೆಗೆ ಇಡ್ಲಿಯಂಥ ಸನ್ನ. ಸ್ಕೌಟು ಹೆದರಿ ಹುಡುಗಿಯನ್ನು ದುಬೈಗೇ ಬಿಟ್ಟುಹೋಗಲಿ ಎಂಬ ಹಂಚಿಕೆಯೋ ಏನೋ, ಖಾರ ಸ್ವಲ್ಪ ಮುಂದೆಯೇ ಇತ್ತು. ಲಾರೆನ್ಸಣ್ಣ ಹೆಂಡತಿಯ ಹಸಿರು ದುಪಟ್ಟಾವನ್ನು ಮೂಲೆ ಮಡಚಿ ಕೊರಳಿಗೆ ಸುತ್ತಿ, ಗಂಟು ಹಾಕಿ, ಬಾಗಿಲ ಹತ್ತಿರ ಸೆಟೆದು ನಿಂತರು.

ಬಾಗಿಲ ಬೆಲ್ ಆಯಿತು. ಬಂದದ್ದು ಕೇಟಿ ಎಂಬ ಹೆಂಗಸು. ಟ್ರ್ಯಾಕ್‌ಸೂಟು, ಟೊಪ್ಪಿ, ಬಿಸಿಲಿಗೆ ಕೆಂಪಡರಿದ ಮುಖ. ಲಾರೆನ್ಸಣ್ಣ ಒಂದು ಕ್ಷಣ ಗಲಿಬಿಲಿಯಾದರೂ ಶಿಸ್ತು ಬಿಡಲಿಲ್ಲ. ಹಿಮ್ಮಡಿ ಕೂಡಿಸಿ, ಬಲಗೈಯ ಮೂರು ಬೆರಳು ಹಣೆಗಿಟ್ಟು ಸೆಲ್ಯೂಟ್ ಹೊಡೆದು, ಎಡಗೈ ಚಾಚಿದರು. ಸ್ಕೌಟುಗಳು ಒಬ್ಬರಿಗೊಬ್ಬರು ಎಡಗೈ ಕೊಡುವುದಂತೆ. ಕೇಟಿ ಆ ಕೈಯನ್ನು ನೋಡಿದರು, ಬೆರಳನ್ನು ನೋಡಿದರು. ಆಮೇಲೆ ಚೀಲವನ್ನು ಬಲಗೈಗೆ ಬದಲಾಯಿಸಿ, ಎಡಗೈ ಕೊಟ್ಟು, ಚೀಲದ ಸಮೇತ ಮೂರು ಬೆರಳು ಹಣೆಗೇರಿಸಿದರು. ಪಾಪ, ನಮ್ಮ ಜಾತಿಯ ಪದ್ಧತಿ ಎಂದುಕೊಂಡಿರಬೇಕು. ಜೆಸಿಂತಕ್ಕನಿಗೂ ಹಾಗೇ ಮಾಡಿದರು. ಜೆಸಿಂತಕ್ಕನ ಬಲಗೈಯಲ್ಲಿ ಸೌಟಿದ್ದದ್ದರಿಂದ ಎಡಗೈಯೇ ಅನುಕೂಲವಾಯಿತು. ನನಗೂ ಮಾಡಿದರು, ನಾನೂ ತಿರುಗಿ ಮಾಡಿದೆ. ಎಡಗೈ ಕೊಡುವುದು ನಮ್ಮಲ್ಲೂ ಇಲ್ಲ, ಅರಬರಲ್ಲೂ ಇಲ್ಲ, ಅಮೇರಿಕದಲ್ಲೂ ಇದ್ದಂತಿಲ್ಲ. ಆದರೂ ಆ ಹಾಲಿನಲ್ಲಿ ಎಲ್ಲರೂ ಗಂಭೀರವಾಗಿ ಎಡಗೈ ಕುಲುಕಿದೆವು.

"ಮೇಡಂ, ಯು ಗೋ ಟು ಕ್ಯಾಂಪ್?" ಎಂದು ಲಾರೆನ್ಸಣ್ಣ ವಿಚಾರಿಸಿದರು. ಪ್ರತಿ ಬೇಸಗೆಯಲ್ಲೂ ಕ್ಯಾಂಪ್ ನಡೆಸುತ್ತೇನೆ ಎಂದರು ಕೇಟಿ, ಅಂದರೆ ಫುಟ್‌ಬಾಲಿನದು. "ಟೆಂಟ್?" "ನೋ ನೋ, ಏಸಿ ಹಾಸ್ಟೆಲ್." ಲಾರೆನ್ಸಣ್ಣ ನನ್ನ ಕಡೆ ವಾಲಿ, "ಸ್ಕೌಟೂ ಹಾಳಾಯ್ತು ಮಾರಾಯ" ಎಂದು ಬೇಸರ ತೋಡಿಕೊಂಡರು. ಆಮೇಲೆ ಹಗ್ಗ ತೆಗೆದು, "ರೀನಾ, ಶೋ ಮೇಡಂ" ಎಂದರು.

ಆಗ ಹುಡುಗಿಗೆ ಎಲ್ಲ ಅರ್ಥವಾಯಿತು. ಮುಖವನ್ನು ಸೋಫಾದ ದಿಂಬಿನಲ್ಲಿ ಹುದುಗಿಸಿ ಕೊಂಕಣಿಯಲ್ಲಿ ಒದರಿದಳು. ಅಷ್ಟು ವರ್ಷ ಆ ಮನೆಯಲ್ಲಿದ್ದ ನನಗೆ ಕೊಂಕಣಿ ಸಾಕಷ್ಟು ತಿಳಿಯುತ್ತಿತ್ತು. "ಪಪ್ಪಾ, ಇವರು ಆ ಸ್ಕೌಟ್ ಅಲ್ಲ! ಆಡುವವರನ್ನು ಹುಡುಕಿಕೊಂಡು ಹೋಗುವವರಿಗೆ ಸ್ಕೌಟ್ ಅಂತಾರೆ!" ಲಾರೆನ್ಸಣ್ಣ ದುಪಟ್ಟಾವನ್ನು ಮೆಲ್ಲಗೆ ಬಿಚ್ಚಿ, ಅದಕ್ಕೇ ತಂದದ್ದೆಂಬಂತೆ ಕತ್ತಿನ ಬೆವರು ಒರೆಸಿಕೊಂಡರು.

ಅಷ್ಟರಲ್ಲಿ ಫೋನು. ಹುದಾ ಮೇಡಂ. ಇವತ್ತೇ ಉತ್ತರ ಬೇಕು, ಇಲ್ಲದಿದ್ದರೆ ಬೇರೆ ಹುಡುಗಿಗೆ ಸಹಿ ಹಾಕಿಸುತ್ತೇನೆ ಎಂದರು. ಜೆಸಿಂತಕ್ಕ ಫೋನನ್ನು ನನ್ನ ಕೈಗೆ ತುರುಕಿ, "ಹೌದು ಅನ್ನು" ಎಂದರು. "ಇಲ್ಲ ಅನ್ನು" ಎಂದರು ಲಾರೆನ್ಸಣ್ಣ. ನಾನು "ಒನ್ ಮಿನಿಟ್ ಮೇಡಂ" ಎಂದು ಫೋನಿನ ಬಾಯಿ ಮುಚ್ಚಿಕೊಂಡು ನಿಂತೆ. ಗಂಡ ಹೆಂಡತಿಗೆ ಜೋರು ಹತ್ತಿತು. ಡಿಗ್ರಿ, ಬಂಗುಡೆ, ಮೊಣಕಾಲು, ಅಮೇರಿಕದ ಚಳಿ, ಎರಡೂ ಕಡೆಯ ನೆಂಟರು, ಯಾವುದೂ ಉಳಿಯಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಾ ಮೀನು ತಿನ್ನುತ್ತಿದ್ದ ಕೇಟಿ ಮೂಗೊರೆಸಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು: ರೀನಾಗೆ ಏನು ಬೇಕಂತೆ?

ನಾವೆಲ್ಲ ರೀನಾಳನ್ನು ನೋಡಿದೆವು. ಅವಳು ಅಲ್ಲಿಯೇ ಇದ್ದಾಳೆಂದು ಆಗಷ್ಟೇ ತಿಳಿದವರ ಹಾಗೆ.

ಅವಳು ದಿಂಬು ಬದಿಗಿಟ್ಟಳು. ಕೇಟಿಗೆ ಇಂಗ್ಲಿಷಿನಲ್ಲಿ, ನನಗೆ ಆಡಬೇಕು ಅಷ್ಟೆ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ ಕೊಂಕಣಿಯಲ್ಲೇ ಹೇಳಿದಳು. "ಸಂಬಳ ಈಗ ಬೇಡ ಪಪ್ಪಾ. ಸಂಬಳ ಬಂದ್ರೆ ಅದು ಕೆಲಸ ಆಗ್ತದೆ. ನೀವು ಕೆಲಸದಿಂದ ಬರುವಾಗ ಬಾಗಿಲು ತೆಗೆಯುವುದು ನಾನಲ್ವಾ? ನಿಮ್ಮ ಮುಖ ದಿನಾ ನೋಡ್ತೇನೆ. ಫುಟ್‌ಬಾಲ್ ಆಡಿ ನಾನು ಆ ಮುಖ ಇಟ್ಕೊಂಡು ಮನೆಗೆ ಬರ್ಲಿಕ್ಕೆ ನನಗೆ ಇಷ್ಟ ಇಲ್ಲ."

ಭಾಷೆ ತಿಳಿಯದ ಕೇಟಿಯೂ ತಟ್ಟೆಯಿಂದ ಕೈ ತೆಗೆದರು. ಅಪ್ಪನ ಮೇಲಿನ ದೂರಲ್ಲ ಅದು. ಅಷ್ಟು ಪ್ರೀತಿಯಿಂದ ನೋಡದಿದ್ದರೆ ಅವಳಿಗೆ ಅದು ಕಾಣುತ್ತಲೇ ಇರಲಿಲ್ಲ. ಲಾರೆನ್ಸಣ್ಣ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಮೇಡಂ, ಶುಕ್ರನ್, ಥ್ಯಾಂಕ್ಯೂ. ಮೈ ಡಾಟರ್ ಈಸ್ ಗೋಯಿಂಗ್ ಟು ಕಾಲೇಜ್" ಎಂದು ಇಟ್ಟುಬಿಟ್ಟರು. ಜೆಸಿಂತಕ್ಕ ಅಳುತ್ತಲೇ ಕೇಟಿಗೆ ಇನ್ನೊಂದು ತುಂಡು ಮೀನು ಬಡಿಸಿದರು. ಹೊರಡುವಾಗ ಕೇಟಿ ಕೆಳಗೆ ಬಿಲ್ಡಿಂಗಿನ ವಾಚ್‌ಮ್ಯಾನ್ ಪಠಾಣನಿಗೂ ಎಡಗೈ ಕೊಟ್ಟು ಮೂರು ಬೆರಳಿನ ಸೆಲ್ಯೂಟ್ ಹೊಡೆದರು. ಅವನು ಹೌಹಾರಿ ಅಟೆನ್ಶನ್ನಿನಲ್ಲಿ ನಿಂತುಬಿಟ್ಟ.

ಮರುದಿನ ಸಂಜೆ ಲಾರೆನ್ಸಣ್ಣ ಕೆಲಸದಿಂದ ನಗುತ್ತಾ ಬಂದರು. ಹಲ್ಲೆಲ್ಲ ಕಾಣುವ ನಗು. ಜೆಸಿಂತಕ್ಕ ಗಾಬರಿಬಿದ್ದು, "ಎಂತಾಯ್ತು ನಿಮಗೆ? ಕೆಲಸದಿಂದ ತೆಗೆದ್ರಾ?" ಎಂದರು.

"ಇಲ್ಲ ಮಾರಾಯ್ತಿ. ಸುಮ್ಮನೆ ನಗ್ತಾ ಇದ್ದೇನೆ."

"ಸುಮ್ಮನೆ ಯಾಕೆ ನಗುದು?" ಎಂದವರೇ ಬಿಪಿ ನೋಡುವ ಮಿಶಿನು ತಂದು ಗಂಡನ ತೋಳಿಗೆ ಸುತ್ತಿದರು. ಬಿಪಿ ನಿಜವಾಗಿಯೂ ಏರಿತ್ತು. ನಗುವುದು ಅಷ್ಟು ಕಷ್ಟವಾಗಿತ್ತು ಮನುಷ್ಯನಿಗೆ.

ರೀನಾ ಹೋದಳು, ಓದಿದಳು, ನಾಲ್ಕು ವರ್ಷ ಮನಸಾರೆ ಕೆಸರಿನಲ್ಲಿ ಬಿದ್ದು ಹೊರಳಿದಳು. ಡಿಗ್ರಿ ಮುಗಿದ ಮೇಲೆ ಅಲ್ಲಿನದೇ ಒಂದು ಸಣ್ಣ ಕ್ಲಬ್ಬು ಸಂಬಳಕ್ಕೆ ಕರೆದಾಗ ಅಪ್ಪನಿಗೆ ಫೋನು ಮಾಡಿದಳಂತೆ. ಅವರು ಸಂಬಳ ಎಷ್ಟೆಂದೂ ಕೇಳಲಿಲ್ಲ, ಮೊಣಕಾಲಿನ ಮಾತೂ ಎತ್ತಲಿಲ್ಲ. "ವಿಡಿಯೋ ಹಾಕು, ಮುಖ ನೋಡ್ತೇನೆ" ಎಂದರಂತೆ. ನೋಡಿ, "ಸರಿ, ಹೋಗು" ಎಂದರಂತೆ. ಈಗ ಅವಳು ಪ್ರೊಫೆಶನಲ್. ಪ್ರತಿ ಮ್ಯಾಚಿನ ಮರುದಿನವೂ ಈ ತಪಾಸಣೆ ತಪ್ಪುವುದಿಲ್ಲ.

ಪಕ್ಕದ ಮನೆಯ ಗ್ಲೌಸಿನ ದೆಸೆಯಿಂದ ಹಳೆಯದೆಲ್ಲ ಎದ್ದುಬಂದು, ನಿನ್ನೆ ಸಂಜೆ ಅದೇ ಹಳೆಯ ಫ್ಲ್ಯಾಟಿಗೆ, ಲಾರೆನ್ಸಣ್ಣನಲ್ಲಿಗೆ ಹೋಗಿದ್ದೆ. ಸರಿಯಾಗಿ ಅದೇ ಹೊತ್ತಿಗೆ ರೀನಾಳ ಫೋನು. ಸೋತಿದ್ದಳು, ಚೆನ್ನಾಗಿಯೇ ಸೋತಿದ್ದಳು. "ಕ್ಯಾಮೆರಾ ಸರಿ ಹಿಡಿ" ಎಂದು ಲಾರೆನ್ಸಣ್ಣ ಕನ್ನಡಕ ಏರಿಸಿಕೊಂಡು ನೋಡಿದರು. ನಾನೂ ಇಣುಕಿದೆ. ಹುಬ್ಬಿನ ಮೇಲೆ ಬ್ಯಾಂಡೇಜು, ಊದಿಕೊಂಡ ತುಟಿ, ಕಣ್ಣು ಮಾತ್ರ ಇನ್ನೂ ಮೈದಾನದಲ್ಲೇ ಇದ್ದಂತೆ ಮಿನುಗುತ್ತಿತ್ತು. "ಪಾಸ್" ಎಂದರು ಲಾರೆನ್ಸಣ್ಣ.

"ಈಗ ನಿಮ್ಮದು ತೋರಿಸಿ ಪಪ್ಪಾ" ಎಂದಳು.

ಅವರು ಬಸ್ಸಿನಿಂದ ಇಳಿದು ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ. ನಗು ಹೊಂದಿಸಲು ಹೋದರು, ಆಗಲಿಲ್ಲ. ತಟ್ಟನೆ ಫೋನನ್ನು ನನ್ನ ಮುಖಕ್ಕೆ ತಿರುಗಿಸಿ, "ಇಕೋ, ಯಾರು ಬಂದಿದ್ದಾರೆ ನೋಡು!" ಎಂದುಬಿಟ್ಟರು.

ಆ ಕಡೆ ಫೋನು ಮುಖಕ್ಕೆ ಹತ್ತಿರ ಬಂತು. ರೀನಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಅಂಕಲ್," ಎಂದಳು, ಅಪರೂಪಕ್ಕೆ ಕನ್ನಡದಲ್ಲಿ, ಬಹಳ ಮೆಲ್ಲಗೆ, "ನೀವು ಆಫೀಸಿಂದ ಸೀದಾ ಬಂದದ್ದಾ?"