ಲತಾಮಣಿ ಮೇಡಂ ಸಹಿ ಹಾಕಿದ್ದು

ಲತಾಮಣಿ ಜಾವಗಲ್ಲಿನ ಶಾಲೆಯಲ್ಲಿ ಹದಿನೆಂಟು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಅವರ ಕೈಬರಹ ಎಷ್ಟು ದುಂಡಗಿತ್ತೆಂದರೆ, ಊರಿನಲ್ಲಿ ಮದುವೆ ಗೊತ್ತಾದವರು ಲಗ್ನಪತ್ರಿಕೆಗೆ ವಿಳಾಸ ಬರೆಸಲು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅಂಥವರಿಗೆ 1997ರ ಬೇಸಿಗೆ ರಜೆಯ ಕೊನೆಯಲ್ಲಿ ಒಂದು ದಿನ ತಮ್ಮ ಹೆಸರನ್ನೇ ಬರೆಯಲಾಗಲಿಲ್ಲ.

ಅಂದು ಹೆಡ್ಮಾಸ್ಟರು ಷಡಕ್ಷರಪ್ಪನವರು ನಿವೃತ್ತರಾಗಿ ಶಾಲೆಯನ್ನು ಲತಾಮಣಿಯವರಿಗೆ ವಹಿಸಿಕೊಡುತ್ತಿದ್ದರು. ಬೆಂಚು, ಕಪಾಟು, ಭೂಪಟ ಎಂದು ಅವರು ಪಟ್ಟಿ ಓದುತ್ತ ಹೋದರು, ಇವರು ಗುರುತು ಹಾಕುತ್ತ ಹೋದರು. ಕೊನೆಗೆ ಷಡಕ್ಷರಪ್ಪನವರು ಹಾಳೆಯ ತುದಿ ತೋರಿಸಿದರು. "ಇಲ್ಲೊಂದು ಸಹಿ ಹಾಕ್ಬಿಡಿ ಮೇಡಂ."

ಪೆನ್ನು ಹಾಳೆಗೆ ತಾಗಿತು, ಅಷ್ಟೇ. ಮೊಣಕೈಯಿಂದ ಬೆರಳ ತುದಿಯವರೆಗೆ ಕೈ ಕೊರಡಿನಂತಾಯಿತು. ಷಡಕ್ಷರಪ್ಪನವರು ಪೆನ್ನಿನ ಮೊನೆಯನ್ನೇ ನೋಡುತ್ತಿದ್ದರು.

"ಏನಾಯ್ತು?"

"ಬಸ್ ಹತ್ತೋವಾಗ ಕೈ ಉಳುಕ್ತು ಸಾರ್."

ಈ ಸುಳ್ಳು ತಮ್ಮ ಬಾಯಿಂದ ಹೇಗೆ ಬಂತೆಂದು ಅವರಿಗೇ ತಿಳಿಯಲಿಲ್ಲ. ಷಡಕ್ಷರಪ್ಪನವರು ನೀರು ಕುಡಿಯಲು ಹೊರಗೆ ಹೋದರು. ಅವರ ಚಪ್ಪಲಿಯ ಸದ್ದು ದೂರವಾಗುತ್ತಿದ್ದಂತೆ ಕೈ ಸಡಿಲವಾಯಿತು. ಸಹಿ ಸರಾಗವಾಗಿ ಇಳಿಯಿತು.

ಮಾರನೆಯ ವಾರ ಶಾಲೆ ಶುರುವಾಯಿತು. ವರ್ಗಾವಣೆ ಪತ್ರಕ್ಕೆಂದು ಬಂದ ಪೋಷಕರು ಮೇಜಿನ ಮುಂದೆ ನಿಂತರೆ ಸಾಕು, ಕೈ ನಿಲ್ಲುತ್ತಿತ್ತು. ಕರಿಹಲಗೆಯ ಮುಂದೆ ನಲವತ್ತು ಮಕ್ಕಳು ನೋಡುತ್ತಿದ್ದರೂ ಏನೂ ಆಗುತ್ತಿರಲಿಲ್ಲ. ಬೇರೆ ಏನು ಬರೆದರೂ ಕೈ ನಿಲ್ಲುತ್ತಿರಲಿಲ್ಲ. ಸಹಿ ಮಾತ್ರ, ಅದೂ ಯಾರಾದರೂ ನೋಡುತ್ತಿದ್ದರೆ ಮಾತ್ರ. ಇದಕ್ಕೆ ಏನೆನ್ನಬೇಕು? ರೋಗವೇ, ಹಟವೇ? ಅವರು ಕೈಗೆ ಬಟ್ಟೆ ಸುತ್ತಿಕೊಂಡು ಬರತೊಡಗಿದರು. "ನಾಳೆ ಬನ್ನಿ" ಎಂದು ಜನರನ್ನು ಕಳಿಸತೊಡಗಿದರು. ಕಡೆಗೆ ಹಳೇಬೀಡಿನ ತಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಐದಾರು ಖಾಲಿ ಪತ್ರಗಳಿಗೆ ಮೊದಲೇ ಸಹಿ ಹಾಕಿ ತಂದಿಟ್ಟುಕೊಂಡರು.

ಅದರಲ್ಲೊಂದು ಕಳೆದುಹೋಯಿತು. ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸಹಶಿಕ್ಷಕ ಮರಿಯಣ್ಣ ಅದನ್ನು ತಂದು ಮೇಜಿನ ಮೇಲಿಟ್ಟರು.

"ಹಾಜರಿ ಪುಸ್ತಕದೊಳಗಿತ್ತು. ಖಾಲಿ ಹಾಳೆಗೆ ಸಹಿ ಹಾಕೋರಲ್ಲ ನೀವು. ಏನ್ ಸಮಾಚಾರ ಮೇಡಂ?"

ಲತಾಮಣಿ ಹೇಳಿದರು. ಮರಿಯಣ್ಣ ನಗಲಿಲ್ಲ. ಹಾಳೆಯನ್ನು ನಾಲ್ಕಾಗಿ ಹರಿದು, ಉಳಿದವನ್ನೂ ಹರಿಸಿ, "ಅರಸೀಕೆರೆಗೆ ಹೋಗಿ ಡಾಕ್ಟರಿಗೆ ತೋರ್ಸಿ," ಎಂದರು.

ಅರಸೀಕೆರೆಯ ವೈದ್ಯರು ಬೆರಳುಗಳನ್ನು ಮಡಿಸಿ, ಎಳೆದು ನೋಡಿದರು. ಸಹಿ ಹಾಕಿ ಎಂದರು, ಆಗಲಿಲ್ಲ. ಅವರು ಎದ್ದು ಹೋಗಿ ಕಿಟಕಿಯಾಚೆ ನೋಡುತ್ತ ನಿಂತರು, ಆಯಿತು.

"ಕೈಗೇನೂ ಆಗಿಲ್ಲಮ್ಮ. ಯಾರದೋ ಕಣ್ಣಿಗೆ ಹೆದರ್ತಿದೀರಿ."

"ಯಾರ ಕಣ್ಣಿಗೆ ಸಾರ್?"

"ಅದು ನನಗೆ ಹೇಗೆ ಗೊತ್ತಾಗುತ್ತೆ?"

ಬಸ್ಸಿನಲ್ಲಿ ವಾಪಸ್ಸು ಬರುವಾಗ ಲತಾಮಣಿಯವರಿಗೆ ತಲೆ ಇನ್ನಷ್ಟು ಕೆಟ್ಟಿತು. ಕೈ ಉಳುಕಿದ್ದರೆ ಪಟ್ಟು ಹಾಕಬಹುದಿತ್ತು. ಗೊತ್ತೇ ಇಲ್ಲದ ಕಣ್ಣಿಗೆ ಮದ್ದೇನು?

ಮನೆಯಲ್ಲಿ ತಾಯಿ ರುದ್ರಮ್ಮನಿಗೆ ವಿಷಯ ತಿಳಿಸಿದರು. ಮುದುಕಿ ಗಂಡ ಹೊನ್ನಯ್ಯನ ಮಾತು ತೆಗೆದಳು. "ನಿಮ್ಮಪ್ಪ ದೊಡ್ಡೋನಾದ್ ಮ್ಯಾಲೆ ರಾತ್ರಿ ಶಾಲೇಲಿ ಸಹಿ ಕಲ್ತಿದ್ದ. ಜಮೀನಿನ ಕಾಗ್ದಕ್ಕೆ ಸಹಿ ಹಾಕಾಕೆ ಕಚೇರಿಗೋದ್ರೆ ಅಲ್ಲಿದ್ದೋರೆಲ್ಲ ಸುತ್ತ ನಿಂತ್ಕಂಡು, ಹೊಲಗೇರಿಯೋನು ಸಹಿ ಹಾಕ್ತಾನಂತೆ ನೋಡ್ರಪ್ಪಾ ಅಂತ ನಕ್ರಂತೆ. ಅವ್ನ ಕೈ ನಡುಗ್ತು. ಹೆಬ್ಬೆಟ್ಟೇ ಒತ್ತಿ ಬಂದ. ನೀನು ಅವ್ನ ಹೆಗ್ಲ ಮ್ಯಾಲಿದ್ದೆ ಕಣೇ."

ಲತಾಮಣಿ ಆ ರಾತ್ರಿ ಅತ್ತರು. ಕಾರಣ ಸಿಕ್ಕಿತಲ್ಲ ಎಂಬ ಸಮಾಧಾನವೂ ಆಯಿತು. ಆದರೆ ಭಾನುವಾರ ಬೇಲೂರಿನಿಂದ ಬಂದ ಅಣ್ಣ ರವಿಕುಮಾರ್ ಕೇಳಿ ತಲೆಯಾಡಿಸಿದ. "ಹೆಗಲ ಮೇಲಿದ್ದದ್ದು ನಾನು. ನೀನಿನ್ನೂ ಹುಟ್ಟೇ ಇರ್ಲಿಲ್ಲ." ರುದ್ರಮ್ಮ ಮಗನ ಮುಖ ನೋಡಿದಳು, ಮಗಳ ಮುಖ ನೋಡಿದಳು. "ಇದ್ರೂ ಇರಬೋದು. ಯಾವ್ದೋ ಒಂದ್ ಮಗು ಇತ್ತು," ಎಂದಳು.

ಅಣ್ಣನ ಕೈಗೆ ಏನೂ ಆಗಿರಲಿಲ್ಲ. ಅವನು ಕಚೇರಿಯಲ್ಲಿ ದಿನಕ್ಕೆ ನೂರು ಸಹಿ ಹಾಕುತ್ತಿದ್ದ. ತಾವು ನೋಡದೇ ಇದ್ದದ್ದಕ್ಕೆ ತಮ್ಮ ಕೈ ಹೆದರುವುದುಂಟೆ? ಲತಾಮಣಿಯವರಿಗೆ ಸಿಕ್ಕ ಕಾರಣವೂ ಕೈತಪ್ಪಿಹೋಯಿತು.

ಮುಂದಿನ ವರ್ಷ ಜೂನ್‌ನಲ್ಲಿ ದೇವೀರಮ್ಮ ಎಂಬ ಮುದುಕಿ ವರ್ಗಾವಣೆ ಪತ್ರಕ್ಕೆ ಬಂದಳು. ಏಳನೇ ತರಗತಿ ಮುಗಿಸಿದ ಮೊಮ್ಮಗಳು ಸಿರಿಯನ್ನು ಬೇಲೂರಿನ ಹೈಸ್ಕೂಲಿಗೆ ಸೇರಿಸಬೇಕಿತ್ತು. ಅಂದೇ ಕೊನೆಯ ದಿನ; ನಾಳೆ ಬನ್ನಿ ಎನ್ನುವಂತಿರಲಿಲ್ಲ. ಮುದುಕಿ ಮೇಜಿಗೆ ಎರಡೂ ಕೈ ಊರಿ, ಬಗ್ಗಿ ನೋಡುತ್ತಿದ್ದಳು. ಪೆನ್ನು ಹಾಳೆಗೆ ಅಂಟಿಕೊಂಡಿತು. ಶಾಯಿ ಚುಕ್ಕೆಯಾಗಿ ಹರಡಿತು.

"ಅಜ್ಜಿ," ಎಂದರು ಲತಾಮಣಿ, "ಯಾರಾದ್ರೂ ನೋಡ್ತಿದ್ರೆ ನನಗೆ ಸಹಿ ಹಾಕೋಕಾಗಲ್ಲ. ಹೆದರಿಕೆ ಆಗುತ್ತೆ."

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ದೇವೀರಮ್ಮ ಮಾತ್ರ ಆಶ್ಚರ್ಯಪಡಲಿಲ್ಲ.

"ನಂಗೂ ಹಂಗೇ ಕಣವ್ವ. ಯಾರಾರ ನೋಡ್ತಿದ್ರೆ ತುತ್ತು ಇಳಿಯಾಕಿಲ್ಲ. ಮದ್ವೆ ಮನೆಗೋದ್ರೂ ಹಸ್ಕಂಡೇ ಬತ್ತೀನಿ."

"ಯಾಕಜ್ಜಿ?"

"ಯಾರಿಗ್ ಗೊತ್ತು? ಮನೇಗ್ ಬಂದು ಉಣ್ತೀನಿ. ಆಗ್ದೇ ಇದ್ರೆ ಮಜ್ಜಿಗೆನಾರ ಕುಡೀತೀನಿ. ನೀನೂ ಹೆಂಗ್ ಬತ್ತದೋ ಹಂಗ್ ಗೀಚವ್ವ. ಬಸ್ ಬತ್ತದೆ."

ಮುದುಕಿ ಮುಖ ತಿರುಗಿಸಲಿಲ್ಲ, ನೋಡುತ್ತಲೇ ಇದ್ದಳು. ಲತಾಮಣಿ ಗೀಚಿದರು. ಅಕ್ಷರಗಳು ಅಡ್ಡಾದಿಡ್ಡಿ ಹೋದವು, 'ಣಿ' ಅನ್ನುವುದು ಗೆರೆಯಾಚೆ ಜಾರಿತು. ಅವರ ಕೈಯಿಂದ ಅಂಥದ್ದೊಂದು ಎಂದೂ ಬಂದಿರಲಿಲ್ಲ.

ಹದಿನೈದು ದಿನಕ್ಕೆ ಬೇಲೂರಿನ ಹೈಸ್ಕೂಲಿನಿಂದ ಪತ್ರ ಬಂತು. ಈ ಸಹಿ ಮುಖ್ಯ ಶಿಕ್ಷಕಿಯದೇ ಹೌದೇ, ದೃಢಪಡಿಸಿ ಎಂದಿತ್ತು. ಪತ್ರವನ್ನು ಮೂರು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದರು. ಹೌದೆಂದು ಒಂದೇ ಮಾತಿನಲ್ಲಿ ಬರೆದರೆ ಸಾಲುತ್ತಿತ್ತು. ಆದರೆ ಅವರು ತಮ್ಮ ದುಂಡು ಅಕ್ಷರಗಳಲ್ಲಿ ಹೀಗೆ ಬರೆದರು: 'ಸಹಿ ನನ್ನದೇ. ಎದುರಿಗೆ ಯಾರಾದರೂ ನೋಡುತ್ತಿದ್ದರೆ ನನ್ನ ಸಹಿ ಹೀಗಾಗುತ್ತದೆ. ಮುಂದೆಯೂ ಆಗಬಹುದು.' ಏಕೆ ಎಂದು ಬರೆಯಲು ಹೋಗಿ ನಿಲ್ಲಿಸಿದರು, ಕಾರಣ ಅವರಿಗೇ ಗೊತ್ತಿರಲಿಲ್ಲ. ಬೇಲೂರಿನವರು ಮತ್ತೇನೂ ಕೇಳಲಿಲ್ಲ. ಸಿರಿ ಅಲ್ಲೇ ಓದಿದಳು.

ಆಮೇಲೆ ಲತಾಮಣಿ ಕೈಗೆ ಬಟ್ಟೆ ಸುತ್ತಲಿಲ್ಲ. ಬಂದವರಿಗೆ ಮೊದಲೇ ಹೇಳಿಬಿಡುತ್ತಿದ್ದರು. ಕೆಲವರು ಕಿಟಕಿ ಕಡೆ ತಿರುಗುತ್ತಿದ್ದರು, ಕೆಲವರು ಇನ್ನೂ ಕಣ್ಣರಳಿಸಿ ನೋಡುತ್ತಿದ್ದರು.

2004ರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಯಶೋಧರಾ ಎಂಬ ಶಿಕ್ಷಕಿಗೆ ತಪಾಸಣೆಯವರು ಬಂದರೆ ಮಾತೇ ಹೊರಡುತ್ತಿರಲಿಲ್ಲ. ಯಾರಿಂದಲೋ ಕೇಳಿ ತಿಳಿದು ಬಂದು, "ಮೇಡಂ, ನಿಮ್ಮ ಭಯ ಹೇಗೆ ಹೋಯ್ತು?" ಎಂದು ಕೇಳಿದಳು.

"ಎಲ್ಲಿ ಹೋಗಿದೆ? ಬೆಳಿಗ್ಗೆ ಎಂಟು ಸಹಿ ಹಾಕಿದೆ. ಐದು ನೆಟ್ಟಗೆ ಬಂತು, ಮೂರು ಸೊಟ್ಟಗಾಯ್ತು. ಯಾವುದಕ್ಕೆ ಹಾಗಾಗುತ್ತೆ ಅಂತ ಈಗ್ಲೂ ಗೊತ್ತಿಲ್ಲ ಕಣೇ."

ಯಶೋಧರಾ ಪೆಚ್ಚಾಗಿ ನಿಂತಳು. ಲತಾಮಣಿ ಕುರ್ಚಿ ಎಳೆದು ಅವಳನ್ನು ಕೂರಿಸಿ, "ನಿನಗೆ ಯಾವ ಮಾತಲ್ಲಿ ನಾಲಿಗೆ ನಿಲ್ಲುತ್ತೆ, ಮೊದಲು ಅದನ್ನ ಹೇಳು," ಎಂದರು.